‘ಮುಳುಗು’ ಅನ್ನಬಾರದು, ‘ಕಂತು’ ಅನ್ನಬಹುದಾ?

ಸಿಗಂದೂರಿಗೆ ಇನ್ನೂ ಲಾಂಚಿನಲ್ಲೇ ಹೋಗುತ್ತಿದ್ದಾಗಿನ ಮಾತು. (ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾದದ್ದು 2025ರ ಜುಲೈನಲ್ಲಿ.) ಹೊಳೆಬಾಗಿಲಿನಲ್ಲಿ ಕಾದು ಕಾದು ಸಾಕಾಗಿತ್ತು. ಹತ್ತಿ ನಿಲ್ಲುವ ಹೊತ್ತಿಗೆ ಶರಾವತಿ ಹಿನ್ನೀರೆಲ್ಲ ಕೆಂಪಗಾಗಿತ್ತು. “ಅಯ್ಯೋ, ಹೊತ್ತು ಮುಳುಗೇ ಹೋಯ್ತಲ್ಲ” ಅಂದೆ. ಅಕ್ಕಿಚೀಲದ ಮೇಲೆ ಕೂತಿದ್ದ ಅಜ್ಜ ತಟ್ಟನೆ ತಿರುಗಿದರು. ಹಿಂದೆ ದೋಣಿ ನಡೆಸುತ್ತಿದ್ದವರಂತೆ.

“ನೀರ ಮೇಲೆ ಇದ್ಕಂಡು ಆ ಮಾತು ಆಡ್ಬೇಡ ಮಾರಾಯ್ತಿ. ಹೊತ್ತು ಕಂತ್ತು ಅನ್ನು.”

ಜೊತೆಗಿದ್ದ ಗೆಳತಿ ಕಿಸಕ್ಕನೆ ನಕ್ಕಳು. ಅವಳಿಗೆ ಕಂತು ಅಂದರೆ ಸಾಲದ ಕಂತು ಮಾತ್ರ ಗೊತ್ತು.

ಹಡಗಿನಲ್ಲಿ ಕೆಲಸಕ್ಕಿರುವ ಭಾವನಿಗೆ ಇದನ್ನು ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಸ್ಕಾಟ್ಲೆಂಡಿನ ಮೀನುಗಾರರು ದೋಣಿಯಲ್ಲಿ ಹಂದಿಯ ಹೆಸರೆತ್ತುತ್ತಿರಲಿಲ್ಲವಂತೆ. ಯಾರಾದರೂ ಬಾಯಿತಪ್ಪಿ ಅಂದರೆ ಕಬ್ಬಿಣ ಮುಟ್ಟಬೇಕು. ಫ್ರಾನ್ಸಿನ ಹಡಗಿನವರಿಗೆ ಮೊಲದ ಹೆಸರು ಆಗದು, ‘ಉದ್ದ ಕಿವಿಯದು’ ಅನ್ನಬೇಕು. ಊಟಕ್ಕೆಂದು ಒಯ್ದ ಮೊಲ ಸೆಣಬಿನ ಹಗ್ಗ ಕಡಿಯುತ್ತಿತ್ತು ಅಂತ ಕಾರಣ ಕೊಡುತ್ತಾರೆ. ಸಿಳ್ಳೆಯೂ ಹಾಕುವ ಹಾಗಿಲ್ಲ, ಬಿರುಗಾಳಿ ಏಳುತ್ತದಂತೆ. ನಮ್ಮಲ್ಲಿ ರಾತ್ರಿ ಸಿಳ್ಳೆ ಹಾಕಿದರೆ ಹಾವು ಬರುತ್ತದೆ, ಅಷ್ಟೇ ವ್ಯತ್ಯಾಸ!

ಹೆಸರು ಹೇಳದೆ ಸುತ್ತಿಬಳಸಿ ಮಾತಾಡುವುದು ನಮಗೂ ಹೊಸದಲ್ಲ ಅಲ್ವಾ? ಹಾವು ಕಚ್ಚಿತು ಅನ್ನದೆ ‘ಹುಳ ಮುಟ್ಟಿತು’ ಅನ್ನುತ್ತೇವೆ. ದೀಪ ಆರಿಸುವುದಿಲ್ಲ, ‘ಶಾಂತ’ ಮಾಡುತ್ತೇವೆ. ಹೊರಡುವಾಗ ‘ಬರ್ತೀನಿ’.

ಆದರೆ ಇವುಗಳಲ್ಲೆಲ್ಲ ಅರ್ಥ ಸ್ವಲ್ಪವಾದರೂ ಬದಲಾಗಿದೆ. ಹಾವು ಚಿಕ್ಕದಾಗಿ ಹುಳವಾಯಿತು, ಹೋಗುವುದು ತಿರುಗಿ ಬರುವುದಾಯಿತು. ಕಂತು ಹಾಗಲ್ಲ. ನಿಘಂಟು ತೆಗೆದರೆ ಅದಕ್ಕೂ ಮುಳುಗು ಅಂತಲೇ ಅರ್ಥ! ಕೆಟ್ಟ ಮಾತು ತಪ್ಪಿಸಲು ಅದೇ ಅರ್ಥದ ಇನ್ನೊಂದು ಮಾತು ಯಾಕೆ?

ನನ್ನ ಅನುಮಾನ ಬೇರೆ. ನಮ್ಮಜ್ಜಿ ದೋಣಿ ಹತ್ತಿದವರೇ ಅಲ್ಲ. ಅವರ ಬಾಯಲ್ಲೂ ಹೊತ್ತು ಕಂತುತ್ತಿತ್ತು, ಬಾವಿಗೆ ಬಿಟ್ಟ ಕೊಡಪಾನ ಮಾತ್ರ ಮುಳುಗುತ್ತಿತ್ತು. ಹಾಗಿದ್ದರೆ ಸೂರ್ಯನಿಗೆ ಒಂದು ಮಾತು, ಉಳಿದದ್ದಕ್ಕೆ ಇನ್ನೊಂದು ಅಂತ ಮನೆಮಾತಿನಲ್ಲೇ ಪಾಲಾಗಿತ್ತು. ಅಂಬಿಗರ ಭಯ ಆಮೇಲೆ ಬಂದು ಅದಕ್ಕೆ ಅಂಟಿಕೊಂಡಿರಬೇಕು.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಹೇಳಿ: ‘ದೋಣಿ ಕಂತಿತು’, ‘ಕೊಡಪಾನ ಕಂತಿತು’ ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಕೇಳಿದ್ದರೆ ನನ್ನ ಲೆಕ್ಕ ತಪ್ಪು, ಅಜ್ಜನದೂ ತಪ್ಪು.