ತಮ್ಮನ ಪಗಾರ ಬಾಕಿ ಉಳಿದಿದೆ, ಯಾರಿಗಾದರೂ ಹೀಗಾಗಿದೆಯಾ?

ಶಹಾಪುರದಿಂದ ಪ್ರಶ್ನೆ:

ನಮ್ಮ ತಮ್ಮ, ಅವನ ಹೆಂಡತಿ ಸಂಕ್ರಾಂತಿ ಮುಗಿಸಿ ಬೆಂಗಳೂರಿಗೆ ಗುಳೆ ಹೋಗಿದ್ದರು. ಬಿಲ್ಡಿಂಗ್ ಕೆಲಸ. ವಾರಕ್ಕೊಮ್ಮೆ ಖರ್ಚಿಗೆ ಅಂತ ಸಾವಿರ, ಸಾವಿರದೈನೂರು ಕೊಟ್ಟಿದ್ದು ಬಿಟ್ಟರೆ ಲೆಕ್ಕ ಮಾಡಲೇ ಇಲ್ಲ. ಯುಗಾದಿಗೆ ಬಂದಾಗ ಇಬ್ಬರದೂ ಸೇರಿ 46,000 ರೂಪಾಯಿ ಬಾಕಿ. ಮೇಸ್ತ್ರಿ ಪಕ್ಕದ ಊರಿನವನೇ. 'ಗುತ್ತೇದಾರ ನನಗೇ ಕೊಟ್ಟಿಲ್ಲ, ನಾನೆಲ್ಲಿಂದ ತರಲಿ' ಅಂತಾನೆ. ಹೊಸ ಕಾರ್ಮಿಕ ಕಾನೂನಿನಲ್ಲಿ ವಲಸೆ ಹೋದವರಿಗೆ ಅಂತಲೇ ಏನೋ ಇದೆ ಅಂತೆ. ಅದನ್ನು ಹಿಡಿದು ಹೋಗಬಹುದಾ?

ಸುರಪುರ, ಗಾರೆ ಕೆಲಸದವರು:

ಅಕ್ಕಾ, ಆ 'ವಲಸೆ' ಅನ್ನೋದನ್ನು ಮೊದಲು ಬಿಡಿ. ಕಾನೂನಿನಲ್ಲಿ ಅದು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದವರಿಗೆ. ಯಾದಗಿರಿಯಿಂದ ಬೆಂಗಳೂರು ಎಷ್ಟೇ ದೂರ ಇರಲಿ, ರಾತ್ರಿಯಿಡೀ ಜನರಲ್ ಡಬ್ಬಿಯಲ್ಲಿ ನಿಂತೇ ಹೋಗಿರಲಿ, ನಾವು ಅದರ ಲೆಕ್ಕಕ್ಕೆ ಬರುವುದಿಲ್ಲ. ನಾನು ಇದನ್ನೇ ಹಿಡಿದು ಹೋಗಿ ಎರಡು ಸಲ ವಾಪಸ್ ಬಂದವನು.

ನೀವು ಹಿಡಿಯಬೇಕಾದದ್ದು ವೇತನದ ಕಾನೂನು. 2025ರ ನವೆಂಬರ್ 21ಕ್ಕೆ ಜಾರಿಗೆ ಬಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳಲ್ಲಿ (ಲೇಬರ್ ಕೋಡ್) ಅದೂ ಒಂದು. ಮೇಸ್ತ್ರಿಯೋ ಗುತ್ತೇದಾರನೋ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕು. ಇದು ಹಳೆಯ ಕಾನೂನಿನಲ್ಲೂ ಇತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೇ.

ನಮ್ಮದು ಎರಡು ವರ್ಷದ ಹಿಂದಿನ ಮಾತು. ಆರು ಜನ ಕಾರ್ಮಿಕ ಇಲಾಖೆ ಕಚೇರಿಗೆ ಹೋದೆವು. ಸಾಹೇಬರು ಕೇಳಿದ ಮೊದಲ ಪ್ರಶ್ನೆಯೇ 'ಯಾರ ಹತ್ತಿರ ಕೆಲಸ ಮಾಡಿದಿರಿ?' ನಮಗೆ ಮೇಸ್ತ್ರಿ ಹೆಸರು ಬಿಟ್ಟರೆ ಏನೂ ಗೊತ್ತಿಲ್ಲ! ಪುಣ್ಯಕ್ಕೆ ಒಬ್ಬ ಹುಡುಗ ಗೇಟಿನ ಮುಂದೆ ಸೆಲ್ಫಿ ತೆಗೆದುಕೊಂಡಿದ್ದ. ಹಿಂದೆ ಬೋರ್ಡು ಕಾಣುತ್ತಿತ್ತು, ಬಿಲ್ಡರ್ ಹೆಸರು ಸಮೇತ. ಅದೊಂದು ಫೋಟೋ ನಮ್ಮನ್ನು ಉಳಿಸಿತು. ಇನ್ನೊಬ್ಬನ ಹೆಂಡತಿ ಕ್ಯಾಲೆಂಡರಿನಲ್ಲಿ ದಿನಾ ಹಾಜರಿ ಗೀಟು ಹಾಕಿದ್ದಳು. ಖರ್ಚಿ ಫೋನ್‌ಪೇಯಲ್ಲಿ ಬಂದಿದ್ದರೆ ಆ ಎಂಟ್ರಿಗಳನ್ನೂ ಅಳಿಸಬೇಡಿ. ಮೂರನೇ ಸಲದ ವಿಚಾರಣೆಗೆ ರಾಜಿ ಆಯಿತು, ರೂಪಾಯಿಗೆ ಹನ್ನೆರಡಾಣೆ ಬಂತು. ಓಡಾಟದ ಖರ್ಚು ಕಳೆದರೆ ಇನ್ನೂ ಕಡಿಮೆ, ಸುಳ್ಳು ಹೇಳುವುದಿಲ್ಲ. ಆದರೆ ಒಬ್ಬನೇ ಹೋಗಿದ್ದರೆ ಅದೂ ಬರುತ್ತಿರಲಿಲ್ಲ. ಗ್ಯಾಂಗಿನವರೆಲ್ಲ ಸೇರಿ ಅರ್ಜಿ ಹಾಕಿ. ಕೆಲಸ ನಡೆದದ್ದು ಬೆಂಗಳೂರಿನಲ್ಲಿ, ಅರ್ಜಿಯೂ ಅಲ್ಲಿಯ ಕಚೇರಿಗೇ.

ಬೀದರ್, ಹೈದರಾಬಾದಿಗೆ ಹೋಗುವವರು:

ನಮ್ಮ ಕಥೆ ಉಲ್ಟಾ. ಬೀದರ್‌ನಿಂದ ಹೈದರಾಬಾದ್ ನಿಮ್ಮ ಬೆಂಗಳೂರಿನಷ್ಟು ದೂರವೂ ಇಲ್ಲ, ಆದರೂ ನಾವು ವಲಸೆ ಕಾರ್ಮಿಕರು! ತಿಂಗಳಿಗೆ 18,000ದೊಳಗೆ ಪಗಾರ ಇದ್ದು, ಅಂಥವರು ಹತ್ತು ಜನ ಇರುವ ಕಡೆ ಊರಿಗೆ ಹೋಗಿ ಬರುವ ಚಾರ್ಜನ್ನು ಮಾಲೀಕ ಕೊಡಬೇಕು. ಮೊದಲು ಗುತ್ತೇದಾರ ಕರೆದುಕೊಂಡು ಹೋದವರಿಗೆ ಮಾತ್ರ ಇತ್ತು. ಈಗ ತಾವೇ ಹೋಗಿ ಕೆಲಸ ಹುಡುಕಿಕೊಂಡವರಿಗೂ ಇದೆ. ನನಗಿನ್ನೂ ಒಂದು ಪೈಸೆ ಬಂದಿಲ್ಲ, ಅದು ಬೇರೆ ಮಾತು.

ಕಲಬುರಗಿ, ಬೇಳೆ ಮಿಲ್ ನಡೆಸುವವರು:

ಎಲ್ಲರೂ ಮಾಲೀಕರನ್ನೇ ಬೈಯುತ್ತೀರಿ, ಇರಲಿ. ನನ್ನಲ್ಲಿ ಹದಿನಾಲ್ಕು ಜನ, ಅರ್ಧಕ್ಕರ್ಧ ಬಿಹಾರದವರು. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು, ತಿಂಗಳ ಪಗಾರ 7ನೇ ತಾರೀಖಿನೊಳಗೆ, ಕೆಲಸ ಬಿಟ್ಟರೆ ಎರಡು ಕೆಲಸದ ದಿನದಲ್ಲಿ ಲೆಕ್ಕ ಚುಕ್ತಾ. ತೊಗರಿ ರೇಟು ಬಿದ್ದ ತಿಂಗಳು ಇದು ಸುಲಭ ಅಲ್ಲ. ನಮ್ಮ ಆಡಿಟರ್ ಹೇಳಿದ ಒಂದು ಮಾತಿಗೆ ಮಾತ್ರ ನಾನು ರಿಜಿಸ್ಟರ್ ಸರಿಯಾಗಿ ಇಡೋಕೆ ಶುರು ಮಾಡಿದೆ: ಪಗಾರ ಕೊಟ್ಟಿಲ್ಲ ಅಂತ ಕೆಲಸಗಾರ ಅರ್ಜಿ ಹಾಕಿದರೆ, ಕೊಟ್ಟಿದ್ದೇನೆ ಅಂತ ಮಾಲೀಕನೇ ಸಾಬೀತು ಮಾಡಬೇಕು. ತಂಗೀ, ನಿಮ್ಮ ತಮ್ಮ ಅಲ್ಲಿ ದುಡಿದಿದ್ದಾನೆ ಅನ್ನುವುದನ್ನಷ್ಟೇ ಗಟ್ಟಿ ಮಾಡಿಕೊಳ್ಳಿ. ಉಳಿದ ತಲೆನೋವು ಅವರದು.

ಯಾದಗಿರಿ, ಕಾನೂನು ಸೇವೆಯ ಸ್ವಯಂಸೇವಕಿ:

ಅವಸರಕ್ಕೆ ಬಿದ್ದು ಮೇಸ್ತ್ರಿ ಕೊಟ್ಟ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಮೂರು ವರ್ಷದವರೆಗೂ ಅರ್ಜಿ ಹಾಕಬಹುದು, ಮೊದಲಿನ ಹಾಗೆ ಆರು ತಿಂಗಳು, ಒಂದು ವರ್ಷ ಅಂತ ಇಲ್ಲ. ಕಾನೂನು ಸೇವೆಯ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದಾಯ ನೋಡದೆ ಪುಕ್ಕಟೆ ವಕೀಲರು ಸಿಗುತ್ತಾರೆ.

ಇನ್ನೊಂದು. 'ಇಬ್ಬರದೂ ಸೇರಿ' ಅಂದಿರಲ್ಲ, ಅಲ್ಲೇ ಮೋಸ ಆಗುವುದು. ಜೋಡಿ ಲೆಕ್ಕದಲ್ಲಿ ಗಂಡನ ಹೆಸರು ಮಾತ್ರ ಬರೆದಿರುತ್ತಾರೆ, ಹೆಂಡತಿ ಇಟ್ಟಿಗೆ ಹೊತ್ತಿದ್ದಕ್ಕೆ ಗುರುತೇ ಇರುವುದಿಲ್ಲ. ಆಕೆಯ ಹೆಸರಿನಲ್ಲಿ ಬೇರೆ ಅರ್ಜಿ ಹಾಕಿಸಿ. ಆಕೆ ಎಷ್ಟು ದಿನ ಹೋಗಿದ್ದಳು, ಕೇಳಿದ್ದೀರಾ?

ಶಹಾಪುರ:

ಈಗ ಕೇಳಿದೆ. 52 ದಿನ ಅಂದಳು. ತಮ್ಮನಿಗೆ ಅವನದೇ ನೆನಪಿಲ್ಲ. ಬೋರ್ಡಿನ ಫೋಟೋ ಇಲ್ಲ, ಆದರೆ ಶೆಡ್ಡಿನ ಮುಂದೆ ಮಗುವಿನ ಹುಟ್ಟುಹಬ್ಬದ ವಿಡಿಯೋ ಇದೆ. ಹಿಂದೆ ಕ್ರೇನಿನ ಮೇಲೆ ಕಂಪನಿ ಹೆಸರು ಅರ್ಧ ಕಾಣುತ್ತದೆ. ಇದು ನಡೆಯುತ್ತದಾ ಅಣ್ಣಾರೇ?

ಸುರಪುರ:

ನಡೆಯುತ್ತದೆ. ಉಳಿದರ್ಧ ಗ್ಯಾಂಗಿನ ಯಾರದಾದರೂ ಫೋನಿನಲ್ಲಿ ಇರುತ್ತದೆ, ಇವತ್ತೇ ಕೇಳಿ. ಹೊಸ ಮೊಬೈಲ್ ತಗೊಂಡು ಹಳೆಯದನ್ನು ಮಾರುವವರೇ ಜಾಸ್ತಿ.