ಸ್ಪೇನಿನ ‘ಎನ್‌ಕಸಿಯಾದೊ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಸ್ಪೇನ್ ದೇಶದ ಹಳೆಯ ಚುನಾವಣೆಗಳ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. 1876ರಿಂದ 1923ರವರೆಗಿನ ಕಾಲದ್ದು. ಕೆಲವು ಪದಗಳು ಮುಂದೆ ಹೋಗಲು ಬಿಡುತ್ತಿಲ್ಲ. ಅದರಲ್ಲೂ ‘ಎನ್‌ಕಸಿಯಾದೊ’ (ಯಾವ ಕ್ಷೇತ್ರದಲ್ಲಿ ಯಾರು ಗೆಲ್ಲಬೇಕು ಅಂತ ಚುನಾವಣೆಗೆ ಮೊದಲೇ ಗೊತ್ತು ಮಾಡಿಡುವುದು) ಒಂದು ವಾರದಿಂದ ತಲೆ ತಿನ್ನುತ್ತಿದೆ.

ಆಗ ಅಲ್ಲಿ ಕಾನೊವಾಸ್ ಅವರ ಕನ್ಸರ್ವೇಟಿವ್ ಪಕ್ಷ ಮತ್ತು ಸಗಸ್ತಾ ಅವರ ಲಿಬರಲ್ ಪಕ್ಷ ಸರದಿಯ ಮೇಲೆ ಆಳುತ್ತಿದ್ದವು. ನಮ್ಮಲ್ಲಿ ಚುನಾವಣೆ ಮೊದಲು, ಸರ್ಕಾರ ಆಮೇಲೆ, ಅಲ್ವಾ? ಅಲ್ಲಿ ಉಲ್ಟಾ. ಅರಮನೆ ಮೊದಲು ಪ್ರಧಾನಿಯನ್ನು ಬದಲಿಸುತ್ತಿತ್ತು. ಹೊಸ ಪ್ರಧಾನಿ ಬಂದ ಮೇಲೆ ಚುನಾವಣೆ ನಡೆಯುತ್ತಿತ್ತು. ನಡೆಸಿದವರ ಪಕ್ಷಕ್ಕೇ ಬಹುಮತ ಬರುತ್ತಿತ್ತು. 1890ರಲ್ಲಿ ವಯಸ್ಸಿಗೆ ಬಂದ ಎಲ್ಲ ಗಂಡಸರಿಗೂ ಮತದ ಹಕ್ಕು ಸಿಕ್ಕಿತು. ಆದರೂ ಈ ಪದ್ಧತಿ ತುಂಬಾ ಕಾಲ ಅಲುಗಲಿಲ್ಲ.

ಇದನ್ನು ಸಾಧಿಸುತ್ತಿದ್ದವರು ಗೃಹಮಂತ್ರಿ ಮತ್ತು ಪ್ರಾಂತ್ಯಕ್ಕೊಬ್ಬರಂತೆ ಸರ್ಕಾರ ನೇಮಿಸುತ್ತಿದ್ದ ಸಿವಿಲ್ ಗವರ್ನರ್‌ಗಳು. ಸರ್ಕಾರ ಬದಲಾದರೆ ಗವರ್ನರ್‌ಗಳೂ ಬದಲಾಗುತ್ತಿದ್ದರು. ಮಂತ್ರಿಯ ಕಚೇರಿಯಲ್ಲಿ ಎಲ್ಲ ಕ್ಷೇತ್ರಗಳ ಪಟ್ಟಿ ಇರುತ್ತಿತ್ತು. ಪ್ರತಿ ಕ್ಷೇತ್ರದ ಚೌಕದಲ್ಲಿ ಗೆಲ್ಲಬೇಕಾದವರ ಹೆಸರು ಬರೆಯುತ್ತಿದ್ದರು. ವಿರೋಧ ಪಕ್ಷಕ್ಕೂ ಮಾತನಾಡಿಕೊಂಡು ಇಷ್ಟು ಸ್ಥಾನ ಅಂತ ಬಿಡುತ್ತಿದ್ದರು. ಹೀಗೆ ಚೌಕ ತುಂಬುವ ಕೆಲಸವೇ ಎನ್‌ಕಸಿಯಾದೊ. ಆ ಪಟ್ಟಿಯನ್ನು ನಿಜ ಮಾಡುವುದು ಗವರ್ನರ್ ಕೆಲಸ. ಊರಿನ ಪ್ರಬಲರ ಜೊತೆ ಅವರು ಮಾತುಕತೆ ನಡೆಸುತ್ತಿದ್ದರು. ಮಾತು ಕೇಳದ ಊರಿನ ಆಡಳಿತದ ಲೆಕ್ಕಪತ್ರ ತಪಾಸಣೆಗೆ ಆಳು ಕಳಿಸುತ್ತಿದ್ದರು. ಏನಾದರೊಂದು ತಪ್ಪು ಸಿಕ್ಕೇ ಸಿಗುತ್ತಿತ್ತು. ಅಲ್ಲಿನ ಮೇಯರ್ ಅಮಾನತು, ಆ ಜಾಗಕ್ಕೆ ತಮ್ಮವರು. ಮತದಾನದ ದಿನಕ್ಕಿಂತ ಮೊದಲೇ ಅರ್ಧ ಕೆಲಸ ಮುಗಿದಿರುತ್ತಿತ್ತು. ಹಳ್ಳಿಗಾಡಿನಲ್ಲಿ ಇದು ಸಲೀಸು. ದೊಡ್ಡ ನಗರಗಳಲ್ಲಿ ಕಷ್ಟ. 1901ರಲ್ಲಿ ಬಾರ್ಸಿಲೋನಾದ ಜನ ಕೆಟಲಾನ್ ಪಕ್ಷದವರನ್ನು ಗೆಲ್ಲಿಸಿ ಆ ಪಟ್ಟಿಯನ್ನು ಮುರಿದರು.

ಈಗ ಪದಗಳಿಗೆ ಬರುತ್ತೇನೆ.

‘ಗವರ್ನರ್’ ಅಂದ ಕೂಡಲೇ ‘ರಾಜ್ಯಪಾಲ’ ಅಂತ ಬರೆದುಬಿಟ್ಟಿದ್ದೆ. ಅದು ತಪ್ಪು. ಓದುವವರ ಕಣ್ಣಿಗೆ ರಾಜಭವನ, ಪ್ರಮಾಣವಚನ ಬರುತ್ತವೆ. ಕೆಲಸದ ಹರವು ನೋಡಿದರೆ ‘ಜಿಲ್ಲಾಧಿಕಾರಿ’ ಹತ್ತಿರ. ಆದರೆ ನಮ್ಮ ಡಿಸಿ ಸರ್ಕಾರಿ ನೌಕರರು, ಅವರು ಪಕ್ಷದ ಆಳು. ಸುಮ್ನೆ ‘ಸಿವಿಲ್ ಗವರ್ನರ್’ ಅಂತಲೇ ಇಟ್ಟು ಒಂದು ಸಾಲಿನಲ್ಲಿ ವಿವರಿಸುವುದು ವಾಸಿ ಅನಿಸಿದೆ.

ಊರಿನ ಪ್ರಬಲರಿಗೆ ಅಲ್ಲಿ ‘ಕಸೀಕೆ’ ಅನ್ನುತ್ತಾರೆ. ಇದು ಕೆರಿಬಿಯನ್ ದ್ವೀಪಗಳ ತೈನೋ ಜನರ ಪದ. ಅವರಲ್ಲಿ ಬುಡಕಟ್ಟಿನ ನಾಯಕ ಅಂತ ಅರ್ಥ. ಸ್ಪೇನಿನವರು ಅದನ್ನು ಮನೆಗೆ ತಂದು ತಮ್ಮ ಊರಿನ ದೊಡ್ಡವರಿಗೇ ಅಂಟಿಸಿದರು. ‘ಪಾಳೇಗಾರ’ ಅಂದರೆ ಕೋಟೆ, ಕುದುರೆ ಬರುತ್ತವೆ. ‘ಪಟೇಲ’ ಅಂದರೆ ಹುದ್ದೆ. ಕಸೀಕೆಗೆ ಹುದ್ದೆಯೇ ಬೇಕಿಲ್ಲ. ಸೈನ್ಯಕ್ಕೆ ಹೋಗಬೇಕಾದ ಹುಡುಗನನ್ನು ತಪ್ಪಿಸುವುದು, ತೆರಿಗೆ ಇಳಿಸುವುದು, ಕೆಲಸ ಕೊಡಿಸುವುದು, ಇಷ್ಟು ಕೈಯಲ್ಲಿದ್ದರೆ ಸಾಕು. ‘ಪುಢಾರಿ’ ಹಗುರವಾಯಿತು. ‘ಊರ ಧಣಿ’ ನನಗೆ ಹಿಡಿಸಿದೆ.

‘ಪುಚೆರಾಸೊ’ ಸುಲಭ. ‘ಪುಚೆರೊ’ ಅಂದರೆ ಅಡುಗೆ ಮಡಕೆ. ಮತಚೀಟಿಗಳನ್ನು ಮಡಕೆಯಲ್ಲಿ ಬಚ್ಚಿಟ್ಟು, ಬೇಕಾದಾಗ ಪೆಟ್ಟಿಗೆಗೆ ಸುರಿಯುತ್ತಿದ್ದರಂತೆ. ‘ಮಡಕೆ ಏಟು’ ಅಂತ ನೇರವಾಗಿ ಬರೆದಿದ್ದೇನೆ.

ಇನ್ನೊಂದು ಮಾತು ನನಗೆ ತುಂಬಾ ಖುಷಿ ಕೊಟ್ಟಿತು. ಸರ್ಕಾರ ಚುನಾವಣೆಯನ್ನು ‘ಮಾಡುತ್ತದೆ’ ಅಂತ ಅಲ್ಲಿ ಹೇಳುತ್ತಿದ್ದರು. ನಮ್ಮಲ್ಲೂ ‘ಅವರಿಗೆ ಎಲೆಕ್ಷನ್ ಮಾಡೋದು ಗೊತ್ತು’ ಅಂತೀವಲ್ಲ! ಇಲ್ಲಿ ಅನುವಾದವೇ ಬೇಕಾಗಲಿಲ್ಲ.

ಉಳಿದದ್ದು ಎನ್‌ಕಸಿಯಾದೊ. ಅದರೊಳಗೆ ‘ಕಸಿಯಾ’ ಇದೆ. ಚೌಕ, ಖಾನೆ ಅಂತ ಅರ್ಥ. ಮೂಲದಲ್ಲಿ ‘ಪುಟ್ಟ ಮನೆ’, ಯಾಕಂದರೆ ‘ಕಾಸಾ’ ಅಂದರೆ ಮನೆ. ನಾವೂ ಚೌಕಾಬಾರದ ಚೌಕಕ್ಕೆ ‘ಮನೆ’ ಅಂತಲೇ ಅನ್ನುತ್ತೇವೆ! ಎರಡು ಭಾಷೆಗಳು ಇಷ್ಟು ದೂರದಿಂದ ಒಂದೇ ಕಡೆ ಬಂದು ನಿಂತಿವೆ. ಇದನ್ನು ಕೈಬಿಡಲು ಮನಸ್ಸಿಲ್ಲ. ಆದರೆ ‘ಮನೆ ತುಂಬಿಸುವುದು’ ಅಂದರೆ ಹೊಸ ಸೊಸೆ ಕಾಣುತ್ತಾಳೆ. ‘ಮನೆ ಹಂಚಿಕೆ’ ಅಂದರೆ ಸರ್ಕಾರದ ವಸತಿ ಯೋಜನೆ. ‘ಕೋಷ್ಟಕ’ ಅರ್ಥಕ್ಕೆ ಸರಿ, ಜೀವ ಇಲ್ಲ. ಸದ್ಯಕ್ಕೆ ‘ಕಾಯಿ ಕೂರಿಸುವುದು’ ಅಂತ ಬರೆದಿದ್ದೇನೆ. ಇದರಲ್ಲಿ ಅಭ್ಯರ್ಥಿ ಕಾಯಿ, ಕೈ ಗವರ್ನರದ್ದು. ಆದರೆ ಮನೆ ಬಿಟ್ಟುಹೋಯಿತು.

ಚೌಕಾಬಾರ, ಪಗಡೆ ಚೆನ್ನಾಗಿ ಆಡಿದವರು ಇಲ್ಲಿ ಇದ್ದೀರಿ. ಆಟಕ್ಕೆ ಮೊದಲು ಯಾವ ಕಾಯಿ ಯಾವ ಮನೆಗೆ ಅಂತ ಗೊತ್ತು ಮಾಡಿ ಇಡುವುದಕ್ಕೆ ನಿಮ್ಮ ಕಡೆ ಏನಂತಾರೆ?