ಲೈವ್ ಡೇಟಾಬೇಸ್‌ಗೆ ಒಂದೇ ಟೇಬಲ್ ವಾಪಸ್ ಹಾಕೋದು: ಗಿರೀಶ್ ಸರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ ಗಿರೀಶ್ ಸರ್ ಇರುತ್ತಾರೆ. ವೈಟ್‌ಫೀಲ್ಡ್ ಕಡೆ ಡಿಬಿಎ (ಡೇಟಾಬೇಸ್ ನೋಡಿಕೊಳ್ಳೋರು) ಆಗಿದ್ದಾರೆ. ಇಡೀ ಡೇಟಾಬೇಸ್ ಬೇಡ, ಒಂದು ಟೇಬಲ್ ಮಾತ್ರ ಬ್ಯಾಕಪ್ ತೆಗೆಯೋದು, ವಾಪಸ್ ಹಾಕೋದು, ಅಷ್ಟೇ ವಿಷಯ. ಯಾವ ಡೇಟಾಬೇಸ್, ಯಾವ ವರ್ಷನ್ ಅಂತ ಬರೆದು ಕೇಳಿ.

ನವೀನ್: ಸರ್, ಮೈಎಸ್‌ಕ್ಯೂಎಲ್. ಡೇಟಾಬೇಸ್ ದೊಡ್ಡದು, ದಿನಾ ಬದಲಾಗೋದು ರೇಟ್ ಟೇಬಲ್ ಒಂದೇ. ಅದಷ್ಟೇ ಬ್ಯಾಕಪ್ ತೆಗೆಯಬಹುದಾ?

ಗಿರೀಶ್: ಆಗುತ್ತದೆ. ಮೈಎಸ್‌ಕ್ಯೂಎಲ್‌ಡಂಪ್ ಕಮಾಂಡ್‌ನಲ್ಲಿ ಡೇಟಾಬೇಸ್ ಹೆಸರು, ಪಕ್ಕದಲ್ಲೇ ಟೇಬಲ್ ಹೆಸರು. ಟೇಬಲ್ ಇನ್ನೋಡಿಬಿ (ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ಬಳಸೋ ಸ್ಟೋರೇಜ್ ಬಗೆ) ಆದರೆ ಸಿಂಗಲ್ ಟ್ರಾನ್ಸಾಕ್ಷನ್ ಆಪ್ಷನ್ ಸೇರಿಸಿ, ಬೇರೆಯವರ ಕೆಲಸ ನಿಲ್ಲೋದಿಲ್ಲ. ಹೀಗೆ ಬರೋ ಬ್ಯಾಕಪ್ ಫೈಲ್ (ಡಂಪ್) ಒಳಗೆ ಮೊದಲೇ ಡ್ರಾಪ್ ಟೇಬಲ್ ಅಂತ ಒಂದು ಸಾಲು ತಾನಾಗೇ ಬರುತ್ತದೆ. ಲೈವ್‌ಗೆ ಹಾಕಿದರೆ ಈಗಿರೋ ಟೇಬಲ್ ಹೋಗಿ ಹಳೆಯದು ಬಂದು ಕೂರುತ್ತದೆ. ಹಾಕೋ ಮುಂಚೆ ಫೈಲ್ ತೆರೆದು ಓದಿ.

ಲತಾ: ಸರ್ ಅರ್ಜೆಂಟ್. ಚಿಕ್ಕಪೇಟೆಯ ಒಂದು ಬಟ್ಟೆ ಹೋಲ್‌ಸೇಲ್ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ನಾನು ನೋಡಿಕೊಳ್ಳೋದು. ಮೈಎಸ್‌ಕ್ಯೂಎಲ್ 8. ಮಧ್ಯಾಹ್ನ ಡಬಲ್ ಎಂಟ್ರಿ ತೆಗೆಯೋಕೆ ಹೋಗಿ ಕಸ್ಟಮರ್ ಟೇಬಲ್‌ನಲ್ಲಿ ಊರು ಬೆಂಗಳೂರು ಅಂತ ಇದ್ದ ಎಲ್ಲಾ ರೆಕಾರ್ಡ್ ಡಿಲೀಟ್ ಆಗಿದೆ. ಉದ್ರಿ ಬಾಕಿ ಎಲ್ಲಾ ಅವರದ್ದೇ. ರಾತ್ರಿ 2 ಗಂಟೆಯ ಫುಲ್ ಡಂಪ್ ಇದೆ. ಇನ್ನೊಂದು ಗ್ರೂಪ್‌ನಿಂದ ಒಂದು ಮೆಸೇಜ್ ಬಂತು: "ಫಾರಿನ್ ಕೀ ಚೆಕ್ ಆಫ್ ಮಾಡಿ, ಡಂಪ್ ಹಾಕಿ, ಆಮೇಲೆ ಆನ್ ಮಾಡಿ, 5 ನಿಮಿಷದ ಕೆಲಸ." ಮಾಡಲಾ? ಸಾಹುಕಾರ್ರು ಪಕ್ಕದಲ್ಲೇ ಕೂತಿದ್ದಾರೆ.

ಗಿರೀಶ್: ಬೇಡ. ಏನೂ ಓಡಿಸಬೇಡಿ. ಆ ಡಂಪ್ ಹಾಕಿದರೆ ಬೆಳಗ್ಗೆಯಿಂದ ಆದ ಬಿಲ್ ಎಲ್ಲಾ ಅಳಿಸಿಹೋಗುತ್ತದೆ. ಫಾರಿನ್ ಕೀ ಚೆಕ್ ಅಂದರೆ ಒಂದು ಟೇಬಲ್‌ನ ರೆಕಾರ್ಡ್ ಇನ್ನೊಂದರ ರೆಕಾರ್ಡ್‌ಗೆ ಸರಿಯಾಗಿ ಹೊಂದುತ್ತಾ ಅಂತ ನೋಡೋದು. ಅದನ್ನು ಮತ್ತೆ ಆನ್ ಮಾಡಿದರೂ ಒಳಗೆ ಸೇರಿಕೊಂಡ ತಪ್ಪು ರೆಕಾರ್ಡ್‌ಗಳನ್ನು ಮೈಎಸ್‌ಕ್ಯೂಎಲ್ ತಿರುಗಿ ನೋಡೋದಿಲ್ಲ.

ಮೊದಲು ಬಿಲ್ಲಿಂಗ್ ನಿಲ್ಲಿಸಿ. ಸಂಜೆವರೆಗೆ ಕೈಯಲ್ಲಿ ಬಿಲ್ ಬರೆಯಲಿ. ಈಗ ಹೇಗಿದೆಯೋ ಹಾಗೇ ಒಂದು ಡಂಪ್ ತೆಗೆಯಿರಿ, ಕೆಟ್ಟಿದ್ದರೂ ಪರವಾಗಿಲ್ಲ. ಬಿನ್‌ಲಾಗ್ ಫೈಲ್‌ಗಳನ್ನು (ಡೇಟಾದಲ್ಲಿ ಆದ ಬದಲಾವಣೆ ದಾಖಲಾಗೋ ಲಾಗ್) ಬೇರೆ ಜಾಗಕ್ಕೆ ಕಾಪಿ ಮಾಡಿ. ವರ್ಷನ್ 8ರಲ್ಲಿ ಅದು ತಾನಾಗೇ ಆನ್ ಇರುತ್ತದೆ, ಯಾರೂ ಬದಲಾಯಿಸದಿದ್ದರೆ 30 ದಿನ ಉಳಿಯುತ್ತದೆ. ಆಮೇಲೆ ಬಿಲ್ ಟೇಬಲ್‌ಗೆ ಶೋ ಕ್ರಿಯೇಟ್ ಟೇಬಲ್ ಹಾಕಿ, ಆನ್ ಡಿಲೀಟ್ ಕ್ಯಾಸ್ಕೇಡ್ ಅಂತ ಇದೆಯಾ ನೋಡಿ ಹೇಳಿ. ಇದ್ದರೆ ಕಸ್ಟಮರ್ ಅಳಿಸಿದಾಗ ಅವರ ಬಿಲ್‌ಗಳೂ ತಾನಾಗೇ ಅಳಿಸಿಹೋಗುತ್ತವೆ. ನನಗೆ ಭಯ ಇರೋದು ಅದರದ್ದೇ.

ಶಶಿ: ಸುಮ್ನೆ ರೋಲ್‌ಬ್ಯಾಕ್ ಕೊಟ್ಟು ಡಿಲೀಟ್ ರದ್ದು ಮಾಡಿದರೆ ಸಾಕಲ್ವಾ?

ಗಿರೀಶ್: ಆಟೋ ಕಮಿಟ್ (ಪ್ರತಿ ಕಮಾಂಡ್ ಕೂಡಲೇ ಕಾಯಂ ಆಗೋದು) ಆನ್ ಇದ್ದರೆ ಎಂಟರ್ ಒತ್ತಿದಾಗಲೇ ಮುಗಿಯಿತು.

ಪ್ರದೀಪ್: ಒರಾಕಲ್‌ನಲ್ಲಿ ಈ ತಲೆನೋವೇ ಇಲ್ಲ. ಹಳೇ ಡೇಟಾ ವಾಪಸ್ ತರೋ ಫ್ಲ್ಯಾಶ್‌ಬ್ಯಾಕ್ ಒಂದು ಲೈನ್.

ಇಮ್ರಾನ್: ಬಟ್ಟೆ ಅಂಗಡಿಗೆ ಒರಾಕಲ್ ಲೈಸೆನ್ಸ್ ನೀವು ಕೊಡಿಸ್ತೀರಾ ಗುರು?

ಪ್ರದೀಪ್: ದುಡ್ಡಿನ ಮಾತಲ್ಲ, ಟೆಕ್ನಾಲಜಿ ಮಾತು. ಫ್ರೀ ಸಾಫ್ಟ್‌ವೇರ್ ಹಾಕಿಕೊಂಡು ಆಮೇಲೆ ಅಳೋದು.

ಇಮ್ರಾನ್: ಯಾವ ರೆಕಾರ್ಡ್ ಅಂತ ಹೇಳೋ ವೇರ್ ತಪ್ಪಾಗಿ ಬರೆದರೆ ಒರಾಕಲ್ ಬಂದು ಕೈ ಹಿಡಿಯುತ್ತಾ?

ಗಿರೀಶ್: ಡ್ರಾಪ್ ಮಾಡಿದ ಟೇಬಲ್ ರೀಸೈಕಲ್ ಬಿನ್‌ನಿಂದ ಬರುತ್ತದೆ. ಡಿಲೀಟ್ ಆದರೆ ಅಂಡೂ (ಹಳೇ ಡೇಟಾದ ತಾತ್ಕಾಲಿಕ ದಾಖಲೆ) ಇರೋವರೆಗೆ ಮಾತ್ರ. ಬ್ಯಾಕಪ್‌ನಿಂದಲೇ ಒಂದು ಟೇಬಲ್ ತೆಗೆಯೋದು ಒರಾಕಲ್‌ನ ಬ್ಯಾಕಪ್ ಟೂಲ್ ಆರ್‌ಮ್ಯಾನ್‌ಗೆ ಬಂದಿದ್ದು 12ಸಿ ವರ್ಷನ್‌ನಲ್ಲಿ. ಇಬ್ಬರೂ ಬೇರೆ ಕಡೆ ಜಗಳ ಆಡಿ.

ರೂಪಾ: ಪೋಸ್ಟ್‌ಗ್ರೆಸ್. ಫುಲ್ ಡಂಪ್‌ನಿಂದ ಪಿಜಿ ರಿಸ್ಟೋರ್‌ಗೆ ಟೇಬಲ್ ಹೆಸರು ಕೊಟ್ಟು ತಂದೆ. ಡೇಟಾ ಬಂತು, ಆದರೆ ಕ್ವೆರಿ ಆಮೆ ಥರ ಓಡುತ್ತಿದೆ.

ಗಿರೀಶ್: ಇಂಡೆಕ್ಸ್ (ಡೇಟಾ ಬೇಗ ಹುಡುಕೋಕೆ ಇರೋ ಸೂಚಿ) ಬಂದಿಲ್ಲ. ಪಿಜಿ ಡಂಪ್‌ಗೆ ಟೇಬಲ್ ಹೆಸರು ಕೊಟ್ಟರೆ ಇಂಡೆಕ್ಸ್ ಜೊತೆಗೇ ಬರುತ್ತದೆ, ಪಿಜಿ ರಿಸ್ಟೋರ್‌ಗೆ ಕೊಟ್ಟರೆ ಬರೋದಿಲ್ಲ. ಪ್ರತಿ ರೆಕಾರ್ಡ್ ಗುರುತಿಸೋ ಪ್ರೈಮರಿ ಕೀ ಕೂಡ ಇರೋದಿಲ್ಲ, ನೋಡಿ. ಡಂಪ್‌ನ ಪಟ್ಟಿ ತೆಗೆದು, ಬೇಕಾದ ಸಾಲು ಮಾತ್ರ ಇಟ್ಟು, ಆ ಪಟ್ಟಿ ಕೊಟ್ಟು ರಿಸ್ಟೋರ್ ಮಾಡಿ. ಐಡಿ ನಂಬರ್ ಕೊಡೋ ಸೀಕ್ವೆನ್ಸ್ ಕೂಡ ಸರಿ ಇದೆಯಾ ನೋಡಿಕೊಳ್ಳಿ.

ಮಧು: ಸರ್, ಒಂದೇ ಟೇಬಲ್ ಬ್ಯಾಕಪ್ ತೆಗೆಯೋ ಕಮಾಂಡ್ ಯಾವುದು?

ಗಿರೀಶ್: ಮೇಲೆ ಇದೆ.

ಲತಾ: ಸರ್, ಕ್ಯಾಸ್ಕೇಡ್ ಇದೆ. ಬಿಲ್ ಟೇಬಲ್, ಅದರ ಕೆಳಗಿನ ಬಿಲ್ ಐಟಂ, ಎರಡೂ ಮುಕ್ಕಾಲು ಖಾಲಿ. ಇದು ಮುಂಚೆ ಇದ್ದವರು ಬರೆದಿದ್ದು.

ಗಿರೀಶ್: ಅಂದುಕೊಂಡೆ. ಈಗ ಒಂದಲ್ಲ, ಮೂರು ಟೇಬಲ್ ಕೆಲಸ. ನಿಧಾನವಾಗಿ ಓದಿ.

ರಾತ್ರಿಯ ಡಂಪ್ ಅನ್ನು ಬೇರೆ ಮಷೀನ್‌ಗೆ ಹಾಕಿ. ಅದೇ ಸರ್ವರ್‌ನಲ್ಲಿ ಟೆಸ್ಟ್ ಅಂತ ಹೊಸ ಡೇಟಾಬೇಸ್ ಮಾಡಿ ಹಾಕಿದರೆ ಆಯಿತಲ್ಲ ಅಂತ ಯಾರಾದರೂ ಹೇಳುತ್ತಾರೆ, ಕೇಳಬೇಡಿ. ಡೇಟಾಬೇಸಸ್ ಆಪ್ಷನ್ ಕೊಟ್ಟು ತೆಗೆದ ಡಂಪ್ ಆದರೆ ಒಳಗೆ ಯೂಸ್ ಅಂತ ಒಂದು ಸಾಲು ಇರುತ್ತದೆ, ಮುಂದೆ ಲೈವ್ ಡೇಟಾಬೇಸ್ ಹೆಸರು. ನೀವು ಟೆಸ್ಟ್ ಅಂತ ಕೊಟ್ಟರೂ ಅದು ಸೀದಾ ಲೈವ್‌ಗೆ ಹೋಗಿ ಡ್ರಾಪ್ ಮಾಡಿ ಬರೆಯುತ್ತದೆ.

ಲೋಡ್ ಆದಮೇಲೆ ಆ ಮೂರು ಟೇಬಲ್ ಮಾತ್ರ ಬೇರೆ ಹೆಸರಲ್ಲಿ ಲೈವ್ ಪಕ್ಕಕ್ಕೆ ತನ್ನಿ. ಲೈವ್‌ನಲ್ಲಿ ಇಲ್ಲದ ಐಡಿಗಳನ್ನು ಮಾತ್ರ ಇನ್ಸರ್ಟ್ ಮಾಡಿ, ಹಳೇ ಐಡಿ ಜೊತೆಗೇ. ಕಸ್ಟಮರ್ ಮೊದಲು, ಆಮೇಲೆ ಬಿಲ್, ಕೊನೆಗೆ ಐಟಂ. ರಿಪ್ಲೇಸ್ ಇಂಟು ಬಳಸಲೇಬೇಡಿ. ಅದು ಹಳೇ ರೆಕಾರ್ಡ್ ಅಳಿಸಿ ಹೊಸದು ಹಾಕುತ್ತದೆ. ಅಳಿಸಿದ ಕೂಡಲೇ ಕ್ಯಾಸ್ಕೇಡ್ ಮತ್ತೆ ಓಡಿ ಉಳಿದ ಬಿಲ್‌ಗಳೂ ಹೋಗುತ್ತವೆ.

ಬೆಳಗ್ಗೆಯಿಂದ ಡಿಲೀಟ್ ಆಗೋವರೆಗಿನ ಬಿಲ್ ಡಂಪ್‌ನಲ್ಲಿ ಇರೋದಿಲ್ಲ. ಅವನ್ನು ಬಿನ್‌ಲಾಗ್‌ನಿಂದ ತೆಗೆಯಬೇಕು. ಕ್ಯಾಸ್ಕೇಡ್‌ನಲ್ಲಿ ಹೋದ ಬಿಲ್‌ಗಳ ಡಿಲೀಟ್ ವರ್ಷನ್ 8ರ ಬಿನ್‌ಲಾಗ್‌ನಲ್ಲಿ ಕಾಣೋದಿಲ್ಲ, ಕಸ್ಟಮರ್‌ದು ಮಾತ್ರ ಕಾಣುತ್ತದೆ. ಹಾಗಾಗಿ ಬಿಲ್‌ಗಳಿಗೆ ಡಿಲೀಟ್ ಹುಡುಕುತ್ತಾ ಕೂರಬೇಡಿ, ಬೆಳಗಿನ ಇನ್ಸರ್ಟ್‌ಗಳನ್ನು ಹುಡುಕಿ. ಮೈಎಸ್‌ಕ್ಯೂಎಲ್‌ಬಿನ್‌ಲಾಗ್‌ಗೆ ರಾತ್ರಿ 2ರಿಂದ ಟೈಮ್ ಕೊಟ್ಟು, ವರ್ಬೋಸ್ ಹಾಕಿ ಓದಿ.

ಇನ್ನೊಂದು. ಬಿಲ್ ಐಟಂ ಟೇಬಲ್‌ಗೆ ಸ್ಟಾಕ್ ಕಳೆಯೋ ಟ್ರಿಗರ್ (ಟೇಬಲ್ ಬದಲಾದಾಗ ತಾನಾಗೇ ಓಡೋ ಕೋಡ್) ಇದೆಯಾ?

ಲತಾ: ಇದೆ ಸರ್. ಐಟಂ ಸೇರಿದರೆ ಸ್ಟಾಕ್ ಕಡಿಮೆ, ಡಿಲೀಟ್ ಆದರೆ ಜಾಸ್ತಿ.

ಗಿರೀಶ್: ಅದೇ ಗುಂಡಿ. ಕ್ಯಾಸ್ಕೇಡ್‌ನಲ್ಲಿ ಅಳಿಸಿದಾಗ ಟ್ರಿಗರ್ ಓಡೋದಿಲ್ಲ, ಅಂದರೆ ಸ್ಟಾಕ್ ಈಗಲೂ ಸರಿಯಾಗೇ ಇದೆ. ನೀವು ಐಟಂ ವಾಪಸ್ ಹಾಕಿದರೆ ಮಾತ್ರ ಓಡುತ್ತದೆ. ಒಂದು ಸಲ ಮಾರಿದ ಸೀರೆ ಲೆಕ್ಕದಲ್ಲಿ ಎರಡು ಸಲ ಕಳೆದುಹೋಗುತ್ತದೆ. ಟ್ರಿಗರ್‌ನ ಕೋಡ್ ಎತ್ತಿಟ್ಟುಕೊಂಡು ಡ್ರಾಪ್ ಮಾಡಿ, ಡೇಟಾ ಹಾಕಿ, ಮತ್ತೆ ಕ್ರಿಯೇಟ್ ಮಾಡಿ. ಅಷ್ಟು ಹೊತ್ತೂ ಬಿಲ್ಲಿಂಗ್ ಬಂದ್ ಇರಲಿ.

ಸತೀಶ್: ಇಷ್ಟೆಲ್ಲಾ ಯಾಕೆ? ಹಳೇ ಐಬಿಡಿ ಫೈಲ್ (ಟೇಬಲ್‌ನ ಡೇಟಾ ಇರೋ ಫೈಲ್) ತಂದು ಡೇಟಾ ಫೋಲ್ಡರ್‌ಗೆ ಪೇಸ್ಟ್ ಮಾಡಿ ಸರ್ವಿಸ್ ರೀಸ್ಟಾರ್ಟ್ ಮಾಡಿ. ವಿಡಿಯೋ ಇದೆ, ಕಳಿಸ್ತೀನಿ.

ಗಿರೀಶ್: ಕಳಿಸಬೇಡಿ. ಓಡುತ್ತಿರೋ ಸರ್ವರ್‌ನಿಂದ ಐಬಿಡಿ ಫೈಲ್ ಕಾಪಿ ಮಾಡಿದರೆ ಅರ್ಧ ಬರೆದ ಫೈಲ್ ಸಿಗುತ್ತದೆ. ಸರಿಯಾದ ದಾರಿ ಇದೆ: ಫ್ಲಶ್ ಟೇಬಲ್ಸ್ ಫಾರ್ ಎಕ್ಸ್‌ಪೋರ್ಟ್ ಹಾಕಿ, ಐಬಿಡಿ ಮತ್ತು ಸಿಎಫ್‌ಜಿ ಫೈಲ್ ತೆಗೆದುಕೊಂಡು, ಆ ಕಡೆ ಡಿಸ್ಕಾರ್ಡ್ ಮಾಡಿ ಇಂಪೋರ್ಟ್ ಮಾಡೋದು. ಪೇಸ್ಟ್ ಮಾಡಿ ರೀಸ್ಟಾರ್ಟ್ ಅನ್ನೋದು ಆ ದಾರಿ ಅಲ್ಲ.

ಸತೀಶ್: ನನಗೆ ವರ್ಕ್ ಆಗಿದೆ. ದೊಡ್ಡವರು ಚಿಕ್ಕವರ ಮಾತೂ ಕೇಳಬೇಕು.

ಇಮ್ರಾನ್: ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆಗಿರಬಹುದು ಬ್ರದರ್. ಅವರ ಅಂಗಡಿ ಮೇಲೆ ಯಾಕೆ ಪ್ರಯೋಗ?

ಸತೀಶ್: ನಿಮ್ಮನ್ನು ಯಾರು ಕೇಳಿದರು?

ಭಾಗ್ಯ: ಎಸ್‌ಕ್ಯೂಎಲ್ ಸರ್ವರ್‌ನಲ್ಲಿ .ಬ್ಯಾಕ್ ಫೈಲ್‌ನಿಂದ ಒಂದೇ ಟೇಬಲ್ ಬರುತ್ತಾ?

ಗಿರೀಶ್: ನೇರವಾಗಿ ಇಲ್ಲ. ಬೇರೆ ಹೆಸರಲ್ಲಿ ಪೂರ್ತಿ ರಿಸ್ಟೋರ್ ಮಾಡಿ, ಅಲ್ಲಿಂದ ಕಾಪಿ ಮಾಡಿ. ಸೆಲೆಕ್ಟ್ ಇಂಟು ಬಳಸಿದರೆ ಇಂಡೆಕ್ಸ್, ಕನ್‌ಸ್ಟ್ರೇಂಟ್ ಬರೋದಿಲ್ಲ.

ವಿನಯ್: ಸರ್, ಡಂಪ್‌ನಲ್ಲಿ ಕನ್ನಡ ಹೆಸರುಗಳೆಲ್ಲಾ ಪ್ರಶ್ನೆ ಚಿಹ್ನೆ ಆಗಿವೆ. ವಿಂಡೋಸ್, ಪವರ್‌ಶೆಲ್.

ಗಿರೀಶ್: ಲೈವ್‌ನಲ್ಲಿ ಕನ್ನಡ ಸರಿ ಕಾಣುತ್ತಿದ್ದರೆ ಬಚಾವ್. ಪವರ್‌ಶೆಲ್‌ನಲ್ಲಿ ಬಾಣದ ಗುರುತು (>) ಹಾಕಿ ಫೈಲ್‌ಗೆ ತಿರುಗಿಸಬೇಡಿ, ರಿಸಲ್ಟ್ ಫೈಲ್ ಆಪ್ಷನ್ ಕೊಟ್ಟು ಮತ್ತೆ ತೆಗೆಯಿರಿ. ಹಾಳಾದ ಡಂಪ್ ಎಲ್ಲೂ ಹಾಕಬೇಡಿ.

ಕಾವ್ಯ: ಮೊಂಗೋಡಿಬಿಯಲ್ಲಿ ಒಂದು ಕಲೆಕ್ಷನ್ (ಅಲ್ಲಿ ಟೇಬಲ್ ಥರ) ಮಾತ್ರ ತರೋದು ಹೇಗೆ ಸರ್?

ಪ್ರದೀಪ್: ಇವರಿಗೆ ಒರಾಕಲ್ ಅಂದರೆ ಅಲರ್ಜಿ, ಮೊಂಗೋ ಕೇಳಿ ಏನು ಪ್ರಯೋಜನ.

ಗೋಪಿ: ಸರ್, ಒಂದೇ ಟೇಬಲ್ ಬ್ಯಾಕಪ್ ಕಮಾಂಡ್ ಕಳಿಸಿ ಪ್ಲೀಸ್.

ಗಿರೀಶ್: ಕಣ್ಣು ಇದೆಯಲ್ಲ ಸ್ವಾಮಿ, ಮೊದಲನೇ ಉತ್ತರ ಓದಿ.

ಗೋಪಿ: ಕೇಳಿದ್ದಕ್ಕೆ ಇಷ್ಟು ಕೋಪ ಯಾಕೆ?

ಅಡ್ಮಿನ್: ದಯವಿಟ್ಟು ಎಲ್ಲರೂ ಸ್ವಲ್ಪ ತಾಳ್ಮೆ. ಸತೀಶ್, ಆ ವಿಡಿಯೋ ಡಿಲೀಟ್ ಮಾಡಿದ್ದೇನೆ.

ಲತಾ: ಸರ್, ಬೇರೆ ಮಷೀನ್‌ನಲ್ಲಿ ಲೋಡ್ ಆಯಿತು. ನೀವು ಹೇಳಿದ ಯೂಸ್ ಸಾಲು ನಿಜವಾಗಲೂ ಇತ್ತು. ಇನ್ಸರ್ಟ್ ಆದಮೇಲೆ ಸರಿ ಇದೆ ಅಂತ ಹೇಗೆ ನೋಡೋದು? ಕೌಂಟ್ ಸಾಕಾ?

ಗಿರೀಶ್: ಕೌಂಟ್ ಸಾಲದು. ಪಾರ್ಟಿವಾರು ಉದ್ರಿ ಬಾಕಿ ಎರಡೂ ಕಡೆ ತೆಗೆದು ಹೋಲಿಸಿ. ವ್ಯತ್ಯಾಸ ಇವತ್ತಿನ ಬಿಲ್ ಮತ್ತು ವಸೂಲಿಯಷ್ಟೇ ಇರಬೇಕು. ಗಿರಾಕಿಗೆ ಕೊಟ್ಟ ಬೆಳಗಿನ ಬಿಲ್‌ಗಳ ಕಾರ್ಬನ್ ಕಾಪಿ ಇದ್ದರೆ ಸಾಹುಕಾರ್ರ ಹತ್ತಿರ ಇಸ್ಕೊಳ್ಳಿ, ಬಿನ್‌ಲಾಗ್‌ನಿಂದ ಬಂದದ್ದಕ್ಕೆ ಒಂದೊಂದಾಗಿ ಟಿಕ್ ಹಾಕಿ. ಟ್ರಿಗರ್ ವಾಪಸ್ ಹಾಕಿದ್ದು ನೋಡಿಕೊಂಡೇ ಬಿಲ್ಲಿಂಗ್ ಶುರು ಮಾಡಿ.